ಗಾದಿಗೆ ಕೇಳಿದ ಮಾತು

ನಮ್ಮೂರಲ್ಲಿ ಅರ್ಜಿ ಬರೆದುಕೊಡುವವರು ಯಾರೂ ಇಲ್ಲ. ಬೇರೆ ಊರುಗಳಲ್ಲಿ ಕಚೇರಿಯ ಎದುರು ಮರದ ನೆರಳಿಗೆ ಮೇಜು ಹಾಕಿಕೊಂಡು ಅಂಥವರು ಕೂತಿರುತ್ತಾರಂತೆ. ನಮ್ಮಲ್ಲಿ ಬಂದರೆ ಪಾಪ, ಅವರ ಹೊಟ್ಟೆ ತುಂಬುವುದಿಲ್ಲ. ನಮ್ಮ ಊರ ಚಾವಡಿಯ ಒಳಗೆ ಒಂದು ಗಾದಿ ಇದೆ, ಹೊರಗೆ ಗೋಡೆಗೆ ಒತ್ತಿ ಒಂದು ಕಲ್ಲಿನ ಕಟ್ಟೆ ಇದೆ. ಕಟ್ಟೆಯ ಮೇಲೆ ಹೋಗಿ ಕೂತರೆ ಸಾಕು. ನೀವು ಯಾರ ಮುಂದೆಯೂ ಹೇಳದೆ ಉಳಿಸಿಕೊಂಡದ್ದು ಒಳಗೆ ಗಾದಿಯ ಮೇಲಿರುವ ಅಧ್ಯಕ್ಷರಿಗೆ ಕೇಳುತ್ತದೆ. ಬಾಯಿ ಬಿಟ್ಟು ಆಡಿದ್ದು ಮಾತ್ರ ಆ ದಪ್ಪ ಬಾಗಿಲು ದಾಟಿ ಹೋಗುವುದಿಲ್ಲ. ಹಾಗಾಗಿ ಅಧ್ಯಕ್ಷರ ಮೇಲೆ ಸಿಟ್ಟು ಬಂದವರು ಕಟ್ಟೆಯ ಮೇಲೆ ಕೂತು ಬಾಯಿಗೆ ಬಂದಂತೆ ಬಯ್ದು, ಹಗುರಾಗಿ ಎದ್ದು ಹೋಗುತ್ತಾರೆ. ಒಳಗಿದ್ದವರಿಗೆ ಅದರ ಗಾಳಿಯೂ ತಾಗುವುದಿಲ್ಲ.

ಹುಟ್ಟಿದಾಗಿನಿಂದ ಇದರ ಜೊತೆ ಬಾಳಿದವರಿಗೆ ಇದರಲ್ಲಿ ಅಂಥದ್ದೇನೂ ಕಾಣಿಸುವುದಿಲ್ಲ. ಹೊಸದಾಗಿ ಬಂದ ಸೊಸೆಗೆ ಅತ್ತೆಯಾದವಳು ಬಾವಿ ತೋರಿಸಿ, ಅಂಗಡಿ ತೋರಿಸಿ, ಎಷ್ಟೇ ದಣಿವಾದರೂ ಆ ಕಟ್ಟೆಯ ಮೇಲೆ ಮಾತ್ರ ಕೂರಬೇಡ ತಾಯಿ ಎಂದು ಬುದ್ಧಿ ಹೇಳುತ್ತಾಳೆ. ಗೊತ್ತಿಲ್ಲದ ಪರವೂರಿನ ಬುಟ್ಟಿ ವ್ಯಾಪಾರಿ ಯಾವನಾದರೂ ಅಲ್ಲಿ ಕೂತು ಬೆವರು ಒರೆಸಿಕೊಂಡರೆ, ಅಧ್ಯಕ್ಷರೇ ಕೆಮ್ಮುತ್ತ ಹೊರಗೆ ಬಂದು, ಅವನ ಮುಖ ನೋಡದೆ, ಆಚೆ ನೆರಳಿದೆ ನೋಡಪ್ಪ ಅನ್ನುವುದುಂಟು. ಕಟ್ಟೆಯ ಮೇಲೆ ಕೂತು ಎದ್ದವರನ್ನು ಯಾಕೆ ಕೂತಿದ್ದೆ ಎಂದು ಹೆಂಡತಿಯಾದವಳೂ ಕೇಳುವಂತಿಲ್ಲ. ಅಧ್ಯಕ್ಷರಾದವರು ಸಂಜೆ ಮನೆಗೆ ಹೊರಡುವ ಮುಂಚೆ ಹೊಸ್ತಿಲ ಬಳಿ ಇಟ್ಟ ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿ ಹೋಗಬೇಕು. ಕೇಳಿದ್ದು ಗಾದಿಯದು, ಅವರದಲ್ಲ. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ ಇದು, ಆದರೂ ಯಾರೂ ಮೀರಿದ್ದಿಲ್ಲ.

ನಾನು ಇಂದುಮತಿ. ಊರಿನವರಿಗೆ ಗಿರಣಿ ಇಂದವ್ವ. ಪೇಟೆ ಬೀದಿಯ ತುದಿಯಲ್ಲಿರುವ ಹಿಟ್ಟಿನ ಗಿರಣಿ ನಮ್ಮದು. ನಮ್ಮವರು ಇದ್ದಾಗ ಅವರು ಕಾಳು ಹಾಕುತ್ತಿದ್ದರು, ನಾನು ಹಿಟ್ಟು ತೂಗಿ ಕೊಡುತ್ತಿದ್ದೆ. ಮಾತು ಕಡಿಮೆಯ ಮನುಷ್ಯ. ಸಾರಿಗೆ ಉಪ್ಪು ಹೆಚ್ಚಾದರೆ ಇನ್ನೊಂದು ಮುದ್ದೆ ಅನ್ನ ಹಾಕಿಸಿಕೊಳ್ಳುತ್ತಿದ್ದರು, ಅಷ್ಟೇ. ಕಡಿಮೆಯಾದರೆ ಅದೂ ಇಲ್ಲ. ಅಂಥವರು ಪ್ರತಿ ಮಂಗಳವಾರ ಗಿರಣಿ ಮುಚ್ಚಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, ತಲೆ ಬಾಚಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತು ಬರುತ್ತಿದ್ದರು. ಮದುವೆಯಾದ ಹೊಸದರಿಂದ ಕಡೆಯ ಜ್ವರ ಬರುವ ತನಕ ತಪ್ಪಿಸಲಿಲ್ಲ. ಬಂದವರ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ನಾನು ಕೇಳಲಿಲ್ಲ, ಕೇಳುವಂತಿರಲಿಲ್ಲ. ಅವರು ತೀರಿಕೊಂಡ ಮೇಲೆ, ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯೇ ನನ್ನ ಮನೆಯ ಯಜಮಾನನಾಯಿತು. ನನ್ನ ಮೇಲೆ ಅಸಮಾಧಾನವಿತ್ತೆ? ಬೇರೆ ಯಾರಾದರೂ ಮನಸ್ಸಿನಲ್ಲಿದ್ದರೆ? ನಮಗೆ ಮಕ್ಕಳಾಗಲಿಲ್ಲ, ಆ ಸಂಕಟವೆ? ಕಾಳು ಹಾಕುತ್ತ ಹಾಕುತ್ತ ಇದನ್ನೇ ತಿರುವಿ ಹಾಕುತ್ತಿದ್ದೆ. ಕೊನೆಗೆ ತಡೆಯಲಾರದೆ ನಾನೂ ಹೋಗಿ ಕಟ್ಟೆಯ ಮೇಲೆ ಕೂತು ಬಂದೆ. ಒಳಗೆ ಆಗ ಅಧ್ಯಕ್ಷರಾಗಿ ಪಾಲಾಕ್ಷಯ್ಯನವರಿದ್ದರು. ಒಮ್ಮೆ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದರು. ನನ್ನ ಆಸೆಗೆ ಅವರಲ್ಲಿ ಔಷಧವಿತ್ತು, ಕೊಡುವಂತಿರಲಿಲ್ಲ.

ಪಾಲಾಕ್ಷಯ್ಯ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಗಾದಿ ಹತ್ತಿದ ಹೊಸದರಲ್ಲಿ, ಕೆಳಗಿನ ಕೇರಿಯ ಮುದುಕಿಯೊಬ್ಬಳು ಕತ್ತಲೆಗೆ ಹೆದರುತ್ತಾಳೆ ಎಂದು ಕಟ್ಟೆಯಿಂದ ತಿಳಿದು, ಅವಳ ಮನೆಯ ಮುಂದೆ ಬೀದಿದೀಪ ಹಾಕಿಸಿದರು. ಯಾಕೆ ಹಾಕಿಸಿದರೆಂದು ಅವರು ಬಾಯಿ ಬಿಡಲಿಲ್ಲ, ಮುದುಕಿಯೇ ಹೇಳಿಕೊಂಡಳು. ಅಂಥವರ ಬಳಿಗೆ ರಾಜಧಾನಿಯಿಂದ ಒಬ್ಬ ಪುಸ್ತಕ ಪ್ರಕಾಶಕ ಬಂದ. ಚಾವಡಿಯಲ್ಲಿ ಚಹಾ ಕುಡಿದ, ಕಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದ, ಹೋಗುವಾಗ ಪಾಲಾಕ್ಷಯ್ಯನವರ ಕೈಗೆ ಮುಂಗಡ ಕೊಟ್ಟು ಹೋದ. ಗಾದಿಯ ಮೇಲೆ ಕೇಳಿದ್ದನ್ನು ಅವರು ಬರೆಯಲು ಕೂತರು. ಅವರ ಮನೆಯ ಮೇಲೆ ಹೊಸ ಮಾಳಿಗೆ ಏಳತೊಡಗಿತು, ಇತ್ತ ತಂಬಿಗೆಯ ನೀರು ಸಂಜೆ ಇಟ್ಟದ್ದು ಬೆಳಿಗ್ಗೆ ಹಾಗೆಯೇ ಇರತೊಡಗಿತು.

ಮೊದಮೊದಲು ನಾವು ಹಿಗ್ಗಿದೆವು. ನಮ್ಮೂರು ಪುಸ್ತಕವಾಗುವುದೆಂದರೆ ಸಣ್ಣ ಮಾತೆ? ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಚರಂಡಿ ತುಂಬಿ ಗೋಳಾಡುವವರು, ಪಿಂಚಣಿ ನಿಂತವರು ಕಟ್ಟೆಯ ಮೇಲೆ ಕೂತರೆ, ಆಯಿತು ಹೋಗಿ ಎಂದು ಜವಾನ ಬಂದು ಎಬ್ಬಿಸುತ್ತಿದ್ದ. ಓಡಿಹೋದ ಮಗಳನ್ನು ನೆನೆಯುವವರು, ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟವರು ಬಂದರೆ, ಕೂತಿರಿ ಕೂತಿರಿ ಎಂದು ಅದೇ ಜವಾನ ಚಹಾ ತಂದುಕೊಡುತ್ತಿದ್ದ. ಕೆಳಗಿನ ಕೇರಿಯ ಚರಂಡಿ ಉಕ್ಕಿ ಬೀದಿಗೆ ಬಂತು; ಅದರಲ್ಲಿ ಅಧ್ಯಾಯ ಆಗುವಂಥದ್ದೇನೂ ಇರಲಿಲ್ಲವಲ್ಲ. ನಮ್ಮ ಜನವೂ ಏನು ಕಡಿಮೆಯೆ? ಪುಸ್ತಕದಲ್ಲಿ ಬರಬೇಕೆಂಬ ಆಸೆಗೆ ಮನಸ್ಸಿಗೇ ಸ್ನೋ ಪೌಡರ್ ಹಚ್ಚಿಕೊಂಡು ಬಂದು ಕೂರತೊಡಗಿದರು. ಹುಟ್ಟಾ ಜಿಪುಣನೊಬ್ಬ ಹಾಳಾದ ಪ್ರೇಮವೊಂದನ್ನು ಎಲ್ಲಿಂದಲೋ ಹೊಂದಿಸಿಕೊಂಡು ಬಂದು ದಿನವಿಡೀ ಕೂತಿದ್ದನಂತೆ.

ಒಂದು ದಿನ ಪಾಲಾಕ್ಷಯ್ಯ ಜೋಳದ ಚೀಲ ಹೊರಿಸಿಕೊಂಡು ನಮ್ಮ ಗಿರಣಿಗೆ ಬಂದರು. ಅವರ ಮನೆಯ ಜೋಳ ಯಾವಾಗಲೂ ಆಳಿನ ಕೈಯಲ್ಲಿ ಬರುತ್ತಿತ್ತು. ಬೀಸಿ ಮುಗಿಸುವ ತನಕ ಸ್ಟೂಲಿನ ಮೇಲೆ ಕೂತಿದ್ದರು. ನಾನು ಮೋಟಾರು ಆರಿಸಿದ ಮೇಲೆ, “ಇಂದವ್ವ, ಬರೋ ಸೋಮವಾರ ಊರ ಸಭಾ ಕರದೀನಿ. ಪುಸ್ತಕಕ್ಕ ಊರಿನ ಒಪ್ಪಿಗಿ ಬೇಕು,” ಅಂದರು. ನಾನು ತಲೆಯಾಡಿಸಿದೆ. “ಬಸವಂತಂದೂ ಐತಿ ಅದ್ರಾಗ,” ಅಂದರು. ನಮ್ಮವರ ಹೆಸರು ಕೇಳುತ್ತಲೇ ಕೈಯಲ್ಲಿದ್ದ ಹಿಟ್ಟಿನ ಸಲಿಕೆ ಕೆಳಗೆ ಬಿತ್ತು. “ಒಂದು ಪೂರ್ತಿ ಅಧ್ಯಾಯ ಅವಂದ. ಇಡೀ ಪುಸ್ತಕಕ್ಕ ಅದ ಛಲೋದು. ಪ್ರಕಾಶಕರು ಓದಿ ಕಣ್ಣಾಗ ನೀರು ತಗದ್ರು. ನೀನೂ ಓದುವಂತಿ, ಇನ್ನೇನು ಸ್ವಲ್ಪ ದಿನ.” ಹಿಟ್ಟಿನ ಚೀಲ ತಾವೇ ಎತ್ತಿಕೊಂಡು ಹೋದರು.

ಅವತ್ತಿನಿಂದ ನನ್ನ ಊಟ ನಿದ್ದೆ ಎರಡೂ ಕೆಟ್ಟವು. ಸಂತೋಷವೋ ಸಂಕಟವೋ ನನಗೇ ತಿಳಿಯದು. ನಾನು ಕಾಣದ ನನ್ನ ಗಂಡನನ್ನು ಯಾರೋ ಪ್ರಕಾಶಕ ರಾಜಧಾನಿಯಲ್ಲಿ ಕೂತು ಕಂಡಿದ್ದಾನೆ, ಕಂಡು ಅತ್ತಿದ್ದಾನೆ. ಅದರ ಹಿಂದೆಯೇ, ಆದರೇನಂತೆ, ನನಗೂ ಸಿಗುತ್ತದಲ್ಲ ಅನ್ನುವ ಆಸೆ. ಪುಸ್ತಕ ಬಂದ ದಿನ ಯಾವ ಸೀರೆ ಉಟ್ಟು ಓದಲು ಕೂರಬೇಕೆಂದು ಕೂಡ ಯೋಚಿಸಿದ್ದೆ, ನಗಬೇಡಿ.

ಸಭೆಗೆ ಮುಂಚೆ ಅಂಬವ್ವನ ಮನೆಗೆ ಹೋದೆ. ಪಾಲಾಕ್ಷಯ್ಯನವರಿಗಿಂತ ಮುಂಚೆ ಗಾದಿಯ ಮೇಲಿದ್ದವಳು ಅವಳು. ಇಳಿದ ಮೇಲೆ ಉಪ್ಪಿನಕಾಯಿ ಬಿಟ್ಟು ಬೇರೆ ಯಾವ ವಿಷಯವನ್ನೂ ಮಾತಾಡುವುದಿಲ್ಲ ಎಂದು ಊರೆಲ್ಲ ಅವಳನ್ನು ಆಡಿಕೊಳ್ಳುತ್ತದೆ. ಹೋದಾಗ ಮಾವಿನಕಾಯಿ ಹೆಚ್ಚುತ್ತ ಕೂತಿದ್ದಳು. “ಅಂಬವ್ವ, ನಮ್ಮವರು ನಿನ್ನ ಕಾಲದಾಗೂ ಕಟ್ಟಿ ಮ್ಯಾಲ ಕೂತವರು. ನಿನಗ ಕೇಳಿಸಿರ್ತೈತಿ. ನೀ ಒಂದು ಮಾತು ಹೇಳಿಬಿಡು, ನನಗ ಆ ಪುಸ್ತಕದ ಹಂಗು ಬ್ಯಾಡ,” ಅಂದೆ. ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ಈ ವರ್ಷ ಕಾಯಿ ಭಾಳ ಹುಳಿ ಅದಾವ ನೋಡು,” ಅಂದಳು. “ಅಂಬವ್ವ, ನಿನ್ನ ಕಾಲಿಗೆ ಬೀಳ್ತೀನಿ.” “ಉಪ್ಪು ಒಂದು ಹಿಡಿ ಹೆಚ್ಚಿಗಿ ಹಾಕಬೇಕು,” ಅಂದಳು ಮುದುಕಿ, ಅನ್ನುವಾಗ ಅವಳ ಗಲ್ಲ ಅದುರುತ್ತಿತ್ತು. ಹೊರಡುವಾಗ ಒಂದು ಭರಣಿ ಉಪ್ಪಿನಕಾಯಿ ನನ್ನ ಕೈಗಿಟ್ಟಳು. ಬೀದಿಯುದ್ದಕ್ಕೂ ಅವಳನ್ನು ಶಪಿಸುತ್ತ ಬಂದೆ.

ಸೋಮವಾರ ಸಂಜೆ ಚಾವಡಿಯ ಮುಂದಿನ ಬಯಲು ತುಂಬಿತ್ತು. ಗಾದಿಗೆ ಸಂಬಂಧಪಟ್ಟ ಯಾವುದೇ ಸಂಗತಿಗೆ ನಮ್ಮಲ್ಲಿ ಕೈ ಎಣಿಸುವ ಪದ್ಧತಿಯಿಲ್ಲ. ಒಬ್ಬರೇ ಒಬ್ಬರು ಎದ್ದು ನಿಂತು ಬೇಡ ಅಂದರೂ ಆ ಕೆಲಸ ಅಲ್ಲಿಗೆ ನಿಂತಿತು. ಬಾಯಿ ಬಿಟ್ಟೇ ಅನ್ನಬೇಕು, ಮನಸ್ಸಿನಲ್ಲಿ ಅಂದರೆ ನಡೆಯದು; ಬೇರೆಲ್ಲ ಕೆಲಸವನ್ನು ಬಾಯಿ ಮುಚ್ಚಿಕೊಂಡೇ ಮಾಡಿಸಿಕೊಳ್ಳುವ ನಮಗೆ ಅದೇ ಕಷ್ಟ. ಪಾಲಾಕ್ಷಯ್ಯ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟಿದ್ದರು. “ನನಗ ಬರೋ ಸಂಬಳ ನಿಮಗ ಗೊತ್ತೈತಿ. ಬರದದ್ದು ನನ್ನ ಶ್ರಮ. ಯಾರ ಹೆಸರೂ ಹಾಕಿಲ್ಲ. ನಮ್ಮ ಊರಿನ ದುಃಖಕ್ಕೂ ಒಂದು ಬೆಲಿ ಐತಿ ಅಂತ ನಾಡಿಗೆ ಗೊತ್ತಾಗಲಿ,” ಅಂದರು. ಆಮೇಲೆ ಮಾದರಿಗೆಂದು ಒಂದು ಅಧ್ಯಾಯ ಓದಿದರು. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿ ಬರೆದಿದ್ದರು.

ಒಬ್ಬ ಸೈಕಲ್ ರಿಪೇರಿಯವನು. ಅವನ ಹೆಂಡತಿಗೆ ಕಣ್ಣು ಹೋಗಿದೆ. ದಿನಾ ಅವಳಿಗೆ ತಲೆ ಬಾಚಿ, ಊಟ ಕೈಗಿಟ್ಟು, ಕೆಲಸಕ್ಕೆ ಹೋಗುತ್ತಾನೆ. ಸಂಜೆ ಕಟ್ಟೆಯ ಮೇಲೆ ಕೂತು, ದೇವರೇ, ಇವಳು ನನಗಿಂತ ಮುಂಚೆ ಸಾಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾನೆ. ಪಾಲಾಕ್ಷಯ್ಯ ಹೆಸರು ಹಾಕಿರಲಿಲ್ಲ, ಸರಿ. ಆದರೆ ನಮ್ಮೂರಲ್ಲಿ ಸೈಕಲ್ ರಿಪೇರಿ ಮಾಡುವವನು ಫಕೀರಪ್ಪ ಒಬ್ಬನೇ, ಕಣ್ಣಿಲ್ಲದ ಗಂಗವ್ವ ಒಬ್ಬಳೇ, ಇಬ್ಬರೂ ನನ್ನ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ಫಕೀರಪ್ಪ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಗಂಗವ್ವ ಅವನ ಮೊಣಕಾಲ ಮೇಲಿಟ್ಟಿದ್ದ ತನ್ನ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಓದು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದವಳು ಮೂಗು ಒರೆಸಿಕೊಳ್ಳುತ್ತ, “ಏನ ಬರದಾರ!” ಅಂದಳು. ನಾನೂ ತಟ್ಟುತ್ತಿದ್ದೆ. ತಟ್ಟುತ್ತಲೇ, ಮುಂದಿನದು ನಮ್ಮವರದೇ ಓದಿಯಾರೇನೋ ಎಂದು ಕತ್ತು ಚಾಚಿದ್ದೆ. ಆಗ ಸುತ್ತ ನೋಡಿದರೆ ಎಲ್ಲರ ಕತ್ತೂ ಹಾಗೆಯೇ ಚಾಚಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಸತ್ತವರಿಗಾಗಿ, ಬಿಟ್ಟುಹೋದವರಿಗಾಗಿ ಬಾಯಾರಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಇಬ್ಬರ ಬಾಳು ಎಲ್ಲರ ಕಣ್ಣೆದುರು ಮುರಿದುಬಿದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

“ಯಾರದಾದರೂ ಬ್ಯಾಡ ಐತೇನು?” ಎಂದು ಪಾಲಾಕ್ಷಯ್ಯ ಕೇಳಿದರು, ಪದ್ಧತಿಗೆಂದು. ನಾನು ಎದ್ದೆ. “ಬ್ಯಾಡ,” ಅಂದೆ.

ಬಯಲೆಲ್ಲ ತಿರುಗಿ ನೋಡಿತು. “ಇಂದವ್ವ, ವಿಚಾರ ಮಾಡಿ ಹೇಳು. ನಿಂದೂ ಐತಿ ಅದ್ರಾಗ,” ಅಂದರು ಪಾಲಾಕ್ಷಯ್ಯ, ಮೆಲ್ಲಗೆ. “ಐತಿ ಅಂತನ ಹೇಳಾಕತ್ತೀನ್ರಿ. ಅದು ನನಗ ಎಷ್ಟು ಬೇಕಾಗೈತಿ ಅಂತ ನಿಮಗ ಹೆಂಗ ಗೊತ್ತಾತು? ನಾನು ಕಟ್ಟಿ ಮ್ಯಾಲ ಬಂದು ಕೂತಿದ್ದಕ್ಕ ಗೊತ್ತಾತು. ಗೊತ್ತಾತು ಅಂತ ಜೋಳ ತಗೊಂಡು ಗಿರಣಿಗೆ ಬಂದ್ರಿ. ನಮ್ಮ ಹಸಿವು ನಿಮಗ ಕೇಳಸ್ತೈತಿ, ಅದಕ್ಕ ನಮಗ ರೊಟ್ಟಿ ಮಾರಾಕ ಹೊಂಟೀರಿ. ಕಾಳೂ ನಮ್ಮವ, ಯಪ್ಪಾ.” ಅವರು ಹಾಳೆಗಳನ್ನು ಎತ್ತಿ ತೋರಿಸಿದರು. “ಬರಿಯೋ ಕಷ್ಟ ನಂದಲ್ಲೇನು?” “ಕಷ್ಟ ನಿಮ್ಮದ. ಗಾದಿ ಇಳೀರಿ, ಮನ್ಯಾಗ ಕೂತು ನಿಮ್ಮ ದುಃಖ ಏನೈತಿ ಅದನ್ನ ಬರೀರಿ. ಮೊದಲ ಪುಸ್ತಕ ನಾನ ಕೊಳ್ತೀನಿ.” ಯಾರೋ ಕಿಸಕ್ಕೆಂದರು. ಪಾಲಾಕ್ಷಯ್ಯ ಹಾಳೆಗಳನ್ನು ಒಟ್ಟು ಮಾಡಿಕೊಂಡು, ಸಭೆ ಮುಗಿಯಿತು ಎಂದೂ ಹೇಳದೆ ಒಳಗೆ ನಡೆದರು.

ಜನ ನನ್ನನ್ನು ಹೊತ್ತು ಮೆರೆಸಿದರು ಅಂದುಕೊಂಡಿರಾ? ಅವತ್ತೇ ಒಬ್ಬಳು ಬೀದಿಯಲ್ಲಿ ಅಡ್ಡಗಟ್ಟಿ, “ನಿನಗ ಬ್ಯಾಡಾದರ ನೀನು ಓದಬ್ಯಾಡಿತ್ತು. ನನ್ನ ಮಗನ ಮಾತಿತ್ತು ಅದ್ರಾಗ,” ಎಂದು ಅತ್ತಳು. ಅವಳ ಮಗ ಕೆರೆಗೆ ಬಿದ್ದು ತೀರಿಕೊಂಡವನು. ಅವಳ ಜೊತೆ ನಾನೂ ಅತ್ತೆ, ಅದು ಅವಳಿಗೆ ಬೇಕಿರಲಿಲ್ಲ. ಎಷ್ಟೋ ಮನೆಗಳವರು ಕಾಳನ್ನು ಪಕ್ಕದ ಊರಿನ ಗಿರಣಿಗೆ ಒಯ್ಯತೊಡಗಿದರು. ನನಗೇನು ನೆಮ್ಮದಿಯಿತ್ತೆ? ಮಾಡಿದ್ದು ಸರಿ ಎಂದು ಗೊತ್ತಿತ್ತು, ಆದರೆ ಸರಿಯಾದದ್ದನ್ನು ತಬ್ಬಿಕೊಂಡು ಮಲಗಲು ಬರುವುದಿಲ್ಲ. ಗಂಗವ್ವ ಬಹಳ ದಿನ ಗಂಡನ ಕೈಯಲ್ಲಿ ತಲೆ ಬಾಚಿಸಿಕೊಳ್ಳಲಿಲ್ಲವಂತೆ. ಆಮೇಲೆ ಒಂದು ದಿನ ಅವಳೇ ಬಾಚಣಿಗೆ ಹುಡುಕಿ ಅವನ ಕೈಗಿಟ್ಟಳೆಂದು ಕೇಳಿದೆ. ಅಷ್ಟರಲ್ಲಿ ಪಾಲಾಕ್ಷಯ್ಯನವರ ಮಾಳಿಗೆ ಅರ್ಧಕ್ಕೇ ನಿಂತು, ಕಂಬಿಗಳು ಆಕಾಶ ನೋಡುತ್ತಿದ್ದವು. ಕೆಳಗಿನ ಕೇರಿಯ ಚರಂಡಿ ಸರಿಯಾಯಿತು.

ಸಭೆಯಾಗಿ ಒಂದು ಬೇಸಿಗೆ ಕಳೆದಿರಬೇಕು. ಮಟಮಟ ಮಧ್ಯಾಹ್ನ, ಗಿರಣಿಯಲ್ಲಿ ಕಾಳಿಲ್ಲ, ಗಿರಾಕಿಯಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಪಾಲಾಕ್ಷಯ್ಯ ಬರಿಗೈಯಲ್ಲಿ ಬಂದಿದ್ದರು. ಸೊರಗಿದ್ದರು. ಸ್ಟೂಲಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. “ಪುಸ್ತಕ ಹೋತು, ರೊಕ್ಕಾನೂ ತಿರುಗಿ ಕೊಟ್ಟೆ,” ಅಂದರು. “ನಾ ನಿನ್ನ ಮ್ಯಾಲ ಸಿಟ್ಟಾಗಿ ಬಂದಿಲ್ಲ. ನೀ ಅಂದಿದ್ದು ಖರೆ ಐತಿ. ಆದರ ಇಂದವ್ವ, ಎಲ್ಲಾರದೂ ನಿಂತು ಹೋಗಲಿ, ನಿಂದೊಂದು ನನಗ ಭಾರ ಆಗೈತಿ. ಇದ್ರಾಗ ಪುಸ್ತಕ ಇಲ್ಲ, ರೊಕ್ಕ ಇಲ್ಲ. ನಿನಗೊಬ್ಬಾಕಿಗೆ ಹೇಳಿ ಹೋಗ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ.”

ಹೇಳಿರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮನುಷ್ಯ ಈಗ ಮಾರಲು ಬಂದಿರಲಿಲ್ಲ, ಕೊಡಲು ಬಂದಿದ್ದ. ಆದರೆ ನಮ್ಮವರು ನನ್ನೆದುರು ದಿನಾ ಉಂಡವರು. ಹೇಳಬೇಕೆನಿಸಿದ್ದರೆ ಅವರೇ ಹೇಳುತ್ತಿದ್ದರು. ನನಗೂ ಹೇಳದ್ದನ್ನು ಇಡಲು ಅವರಿಗೆ ಒಂದು ಜಾಗ ಇತ್ತು, ಆ ಜಾಗವನ್ನು ನಂಬಿದ್ದರು, ನಂಬಿ ತಲೆ ಬಾಚಿಕೊಂಡು ಹೋಗುತ್ತಿದ್ದರು. ಇವತ್ತು ನನಗೋಸ್ಕರ ಅದರ ಬಾಗಿಲು ತೆರೆದರೆ, ಸತ್ತ ಗಂಡನ ನಂಬಿಕೆಯನ್ನು ನಾನೇ ಕದ್ದಂತೆ. ಇದೆಲ್ಲ ಈಗ ಕೂತು ಹೇಳುವಾಗ ಸಾಲಾಗಿ ಬರುತ್ತದೆ. ಆಗ ಇಷ್ಟು ಯೋಚಿಸಲಿಲ್ಲ. “ಬಸವಂತ ಬಂದು ಕೂತಾಗೊಮ್ಮೆ...” ಎಂದು ಅವರು ಬಾಯಿ ತೆರೆದರು, ನನ್ನ ಕೈ ಹೋಗಿ ಸ್ವಿಚ್ಚು ಒತ್ತಿತು.

ಕಾಳಿಲ್ಲದ ಗಿರಣಿ ಓಡಿಸಬಾರದು, ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ. ಆ ಸದ್ದು ಕಿವಿ ಹರಿಯುವಂತೆ ಎದ್ದಿತು. ಪಾಲಾಕ್ಷಯ್ಯ ಮಾತು ನಿಲ್ಲಿಸಲಿಲ್ಲ. ಹೇಳಿ ಮುಗಿಸಲೇಬೇಕೆಂದು ಬಂದವರು, ಹೇಳಿದರು. ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಅಷ್ಟು ಗಟ್ಟಿಗಿತ್ತಿ ನಾನಲ್ಲ. ಅವರ ತುಟಿಗಳನ್ನೇ ನೋಡುತ್ತ ನಿಂತೆ. ತುಟಿ ಅಲುಗಿತು, ನಿಂತಿತು. ಅಷ್ಟೇ. ಉಸಿರು ಎಳೆದುಕೊಳ್ಳುವುದರೊಳಗೆ ಮುಗಿದುಹೋಗುವಂಥ ಸಣ್ಣ ಮಾತು. ಇಡೀ ಅಧ್ಯಾಯವನ್ನು ಇವರು ಅಷ್ಟರಿಂದ ಬೆಳೆಸಿದ್ದರು. ವರ್ಷಾನುಗಟ್ಟಲೆ ನಮ್ಮವರು ಅದೊಂದೇ ಮಾತನ್ನು ಹೊತ್ತುಕೊಂಡು ಹೋಗಿ ಕೂತು, ಹೊತ್ತುಕೊಂಡೇ ನನ್ನ ಬಳಿ ತಿರುಗಿ ಬಂದಿದ್ದರು. ಪಾಲಾಕ್ಷಯ್ಯ ಎದ್ದು ನಿಂತು ನನ್ನ ಮುಖ ನೋಡಿದರು. ಕೇಳಿಸಿತೇ ಎಂದು ಅವರು ಕೇಳಲಿಲ್ಲ, ಕೈ ಮುಗಿದು ಹೋದರು.

ಅವರು ಬೀದಿ ತಿರುಗಿದ ಮೇಲೆ ಮೋಟಾರು ಆರಿಸಿ, ಹಿಟ್ಟಿನ ನೆಲದ ಮೇಲೆಯೇ ಕೂತು ಅತ್ತೆ. ಈಗಲೂ ಗಿರಣಿಯಲ್ಲಿ ಒಬ್ಬಳೇ ಇದ್ದಾಗ ಅಂಥ ಸಣ್ಣ ಸಣ್ಣ ಮಾತುಗಳನ್ನು ಒಂದೊಂದಾಗಿ ನಾನೇ ಆಡಿ ನೋಡುತ್ತೇನೆ. ದಣಿದೀಯೇನು. ನೀ ಇರು ಸಾಕು. ತಪ್ಪು ನಂದ. ಯಾವುದನ್ನು ಆಡಿದರೂ ಅದು ಅವರ ದನಿಯಲ್ಲೇ ಕೇಳಿಸುತ್ತದೆ.